ಕೊಟ್ಟಿಗೆಯ ಹಳೇ ಟ್ರ್ಯಾಕ್ಟರ್‌ಗೆ ಕೈ ಹಾಕುವ ಮುಂಚೆ

ಅಜ್ಜ ಕೊಂಡ ಟ್ರ್ಯಾಕ್ಟರನ್ನು ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದರೂ ನೀವು ಕೊಡಲಿಲ್ಲ. ಒಳ್ಳೆಯ ಕೆಲಸ ಮಾಡಿದಿರಿ. ಮನೆಮಂದಿಯೆಲ್ಲ ಸೇರಿ ಅದನ್ನು ಮತ್ತೆ ಓಡಿಸುತ್ತೇವೆ ಅಂತ ಹೊರಟಿದ್ದೀರಿ, ಅದೂ ಸಂತೋಷವೇ. ಆದರೆ ಮೊದಲ ದಿನವೇ ಕೆಂಪು ಪೇಂಟಿನ ಡಬ್ಬಿ ತಂದಿಟ್ಟಿದ್ದೀರಲ್ಲ, ಅದನ್ನು ಸದ್ಯಕ್ಕೆ ಅಟ್ಟಕ್ಕೆ ಹಾಕಿ. ಮೇಲೆ ಥಳುಕು ಒಳಗೆ ಹುಳುಕು ಆಗುವುದು ಬೇಡ. ಬಣ್ಣ ಕಟ್ಟಕಡೆಯ ಕೆಲಸ.

ನಿಮ್ಮ ಹತ್ತಿರ ಇರುವುದು ಯಾವ ಗಾಡಿ ಅನ್ನುವುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ. ಐಷರ್ ಕಂಪನಿ ಫರೀದಾಬಾದಿನಲ್ಲಿ ತನ್ನ ಮೊದಲ ಟ್ರ್ಯಾಕ್ಟರ್ ಹೊರತಂದದ್ದು 1959ರಲ್ಲಿ. ಆಮೇಲೆ ಮದ್ರಾಸಿನ ಟ್ಯಾಫೆಯಿಂದ ಮ್ಯಾಸಿ ಫರ್ಗ್ಯುಸನ್ ಬಂತು, 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿಕೊಂಡು, ಆಮೇಲೆ ಬಿ-275 ತಂದರು. ನಮ್ಮ ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಪಿಂಜೋರಿನಲ್ಲಿ ಝೆಟಾರ್ ಮಾದರಿಯ ಟ್ರ್ಯಾಕ್ಟರ್ ಶುರು ಮಾಡಿತು. ಮ್ಯಾಸಿ, ಮಹೀಂದ್ರ ಆದರೆ ಅದೇ ವಂಶದ ಗಾಡಿಗಳು ಇಂದಿಗೂ ಹೊಲದಲ್ಲಿವೆ, ಬಿಡಿಭಾಗಕ್ಕೆ ಅಷ್ಟು ಪರದಾಟವಿಲ್ಲ. ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನ 2016ರಲ್ಲೇ ಆಗಿದೆ. ಹಾಗಾಗಿ ಅಂಥ ಗಾಡಿ ಬಿಚ್ಚುವ ಮುಂಚೆ ಪಿಸ್ಟನ್, ಲೈನರ್, ಗ್ಯಾಸ್ಕೆಟ್ ಸಿಗುತ್ತವೆಯೋ ಅಂತ ಅಂಗಡಿಯಲ್ಲಿ ಕೇಳಿಕೊಂಡು ಬನ್ನಿ. ಬಿಚ್ಚಿ ಹರಡಿದ ಮೇಲೆ ಹುಡುಕಾಡಬೇಡಿ.

ಆರ್‌ಸಿ ಪುಸ್ತಕ ಎಲ್ಲಿದೆ? ಬೀರುವಿನಲ್ಲಿ ಎಲ್ಲೋ ಇರಬೇಕು ಅನ್ನಬೇಡಿ, ಹುಡುಕಿ ತೆಗೆಯಿರಿ. ಅದರಲ್ಲಿರುವ ಚಾಸಿಸ್ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೋ ನೋಡಿ. ನಂಬರಿನ ಪಟ್ಟಿಯನ್ನು ಉಜ್ಜಿ ಸವೆಸಬೇಡಿ, ಅದರ ಮೇಲೆ ಬಣ್ಣ ಬಳಿಯಬೇಡಿ.

ಇನ್ನು ಸ್ಪ್ಯಾನರ್ ವಿಷಯ. ಬಿ-275 ಅಥವಾ ಹಳೆಯ ಮ್ಯಾಸಿಯಲ್ಲಿ ಇಂಚಿನ ಅಳತೆಯ ನಟ್ಟು ಬೋಲ್ಟುಗಳೇ ಹೆಚ್ಚು, ಝೆಟಾರ್‌ನದು ಮಿಲಿಮೀಟರ್. ಇಂಚಿನ ಬೋಲ್ಟಿಗೆ ಮಿಲಿಮೀಟರ್ ಸ್ಪ್ಯಾನರ್ ಹಾಕಿ ಒತ್ತಿದರೆ ಮೂಲೆಗಳು ಸವೆದು ತಲೆ ಗುಂಡಗಾಗುತ್ತದೆ. ಆಮೇಲೆ ಲೇತ್ ಅಂಗಡಿಯೇ ಗತಿ. ಸರಿಯಾದ ಒಂದು ಸೆಟ್ ಕೊಂಡುಕೊಳ್ಳಿ, ಅದರಲ್ಲಿ ಜಿಪುಣತನ ಬೇಡ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ.

ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿದ್ದರೆ ನೀವೆಲ್ಲ ಮಾಡುವ ಕೆಲಸ ನನಗೆ ಗೊತ್ತು. ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಗೇರಿನಲ್ಲಿ ಹಾಕಿ ಎಳೆಸುತ್ತೀರಿ. ದಯವಿಟ್ಟು ಬೇಡ, ಕನೆಕ್ಟಿಂಗ್ ರಾಡ್ ಬಾಗಿ ಹೋಗುತ್ತದೆ. ನಾಝಲ್‌ಗಳನ್ನು ಬಿಚ್ಚಿ, ಆ ತೂತಿನಿಂದ ಪ್ರತಿ ಸಿಲಿಂಡರಿಗೂ ಸ್ವಲ್ಪ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಬಿಡಿ. ಬಟ್ಟೆಯಿಂದ ತೂತಿನ ಬಾಯಿ ಮುಚ್ಚಿ ಕೆಲವು ದಿನ ಹಾಗೇ ನೆನೆಯಲು ಬಿಡಿ. ಆಮೇಲೆ ಕೈಯಿಂದಲೇ ಮುಂದಕ್ಕೆ ಚೂರು, ಹಿಂದಕ್ಕೆ ಚೂರು ತಿರುಗಿಸಿ ನೋಡಿ. ಕದಲದಿದ್ದರೆ ಮತ್ತೆ ಎಣ್ಣೆ ಬಿಟ್ಟು ಇನ್ನೂ ಕಾಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ. ಅಷ್ಟರಲ್ಲಿ ಎಂಜಿನ್ ಆಯಿಲ್ ಕೆಳಗಿಳಿಸಿ ನೋಡಿ. ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ನೀರು ಸೇರಿದೆ ಅಂತ ಅರ್ಥ, ಹೆಡ್ ಬಿಚ್ಚಲೇಬೇಕು.

ಕ್ಲಚ್ ಪ್ಲೇಟ್ ಬದಲಿಸುವುದನ್ನು ಮಾತ್ರ ಅನುಭವಿ ಮೆಕ್ಯಾನಿಕ್ ಪಕ್ಕದಲ್ಲಿಲ್ಲದೆ ಮಾಡಬೇಡಿ. ಈ ಗಾಡಿಗಳಿಗೆ ಲಾರಿಗಿರುವಂತೆ ಬೇರೆ ಚಾಸಿಸ್ ಇರುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಒಂದಕ್ಕೊಂದು ಬೋಲ್ಟಾಗಿ ನಿಂತಿರುತ್ತವೆ, ಕ್ಲಚ್ ಸಿಗಬೇಕಾದರೆ ನಡುವೆ ಎರಡು ಭಾಗ ಮಾಡಬೇಕು. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ಆಡುತ್ತದೆ. ಹಾಗಾಗಿ ಹಿಂಭಾಗ ಕಳಚಿದ ಕೂಡಲೇ ಇಡೀ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಬೋಲ್ಟಿಗೆ ಕೈ ಹಾಕುವ ಮುಂಚೆಯೇ ಆಕ್ಸಲ್‌ನ ಎರಡೂ ಬದಿಗೆ ಮರದ ಬೆಣೆ ಹೊಡೆದು ಬಿಗಿ ಮಾಡಿ. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ನುಗ್ಗಬಾರದು, ದಪ್ಪ ಮರದ ದಿಮ್ಮಿ ಕೊಟ್ಟಿರಲೇಬೇಕು. ಹಿಂದಿನ ಟೈರಿಗೆ ಭಾರಕ್ಕೆಂದು ನೀರು ತುಂಬಿಸಿದ್ದರೆ ಅದನ್ನು ಖಾಲಿ ಮಾಡದೆ ಚಕ್ರ ಬಿಚ್ಚಬೇಡಿ. ಉರುಳಿದರೆ ಹಿಡಿದು ನಿಲ್ಲಿಸುವ ತೂಕವಲ್ಲ ಅದು.

ಕ್ಲಚ್, ಬ್ರೇಕಿನ ಧೂಳನ್ನು ಬಾಯಿಂದ ಊದುವುದು ಇನ್ನೊಂದು ಕೆಟ್ಟ ಚಾಳಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಹಳೆಯ ಬಣ್ಣಗಳಲ್ಲಿ ಸೀಸ. ಎರಡನ್ನೂ ಒದ್ದೆ ಮಾಡಿಯೇ ಒರೆಸಿ, ಉಜ್ಜಿ. ಮಾಸ್ಕ್ ಹಾಕಿಕೊಳ್ಳಿ, ಆ ಹೊತ್ತಿನಲ್ಲಿ ಮಕ್ಕಳನ್ನು ದೂರ ಇಡಿ. ಡೀಸೆಲ್ ಸೋರುತ್ತಿದೆಯೇ ಅಂತ ನೋಡಲು ನಾಝಲ್ ಪೈಪಿನ ಮುಂದೆ ಬೆರಳು ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಿ. ಡೀಸೆಲ್ ಟ್ಯಾಂಕು ಖಾಲಿಯಿದೆ ಅಂತ ಮನೆಯಲ್ಲೇ ವೆಲ್ಡಿಂಗ್ ಹಚ್ಚಬೇಡಿ, ಒಳಗಿನ ಆವಿಯೇ ಸಿಡಿಯುತ್ತದೆ.

ಹಾಗಂತ ಮಕ್ಕಳನ್ನು ಬರೀ ನೋಡುತ್ತ ಕೂರಿಸಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬಿಚ್ಚುವ ಪ್ರತಿ ಹಂತಕ್ಕೂ ಮಗಳ ಕೈಯಲ್ಲಿ ಫೋಟೊ ತೆಗೆಸಿ. ಮಗನಿಗೆ ಹಾರ್ಲಿಕ್ಸ್ ಡಬ್ಬಿಗಳನ್ನು ಕೊಟ್ಟು, ಯಾವ ಬೋಲ್ಟು ಎಲ್ಲಿಯದು ಅಂತ ಚೀಟಿ ಬರೆದು ಅಂಟಿಸಲು ಹೇಳಿ. ಗ್ರೀಸ್ ಗನ್ ಹಿಡಿಯುವುದನ್ನು ಇಬ್ಬರಿಗೂ ಕಲಿಸಿ. ಅಜ್ಜಿಯನ್ನು ಬರೀ ಕಾಫಿಗೆಂದು ಕರೆಯಬೇಡಿ, ಆ ಗಾಡಿ ಯಾವ ವರ್ಷ ಬಂತು, ಎಲ್ಲಿ ಹೂತುಕೊಂಡಿತ್ತು ಎಲ್ಲ ಅವರಿಗೆ ನೆನಪಿರುತ್ತದೆ. ಅದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ನೇಗಿಲು ಸಿಕ್ಕಿಸುವ ಮೂರು ಕೊಂಡಿಗಳನ್ನು ಮಕ್ಕಳಿಗೆ ತೋರಿಸಿ, ಆ ಏರ್ಪಾಡು ರೂಪಿಸಿದ ಹ್ಯಾರಿ ಫರ್ಗ್ಯುಸನ್ ಕಥೆ ಹೇಳಿ. ಆತನ ಬೂದು ಬಣ್ಣದ ಪುಟ್ಟ ಟಿಇ-20 ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಆ ಮೂರು ಕೊಂಡಿಯ ಏರ್ಪಾಡು ಇವತ್ತು ಹೆಚ್ಚುಕಡಿಮೆ ಎಲ್ಲ ಟ್ರ್ಯಾಕ್ಟರಿನ ಹಿಂದೆಯೂ ಇದೆ.

ಖರ್ಚಿನ ಬಗ್ಗೆ ಒಂದೇ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಹವ್ಯಾಸಕ್ಕೆಂದು ಸಾಲ ಮಾಡಬೇಡಿ. ಈ ಸುಗ್ಗಿಗೆ ಎಂಜಿನ್, ಮುಂದಿನ ಸುಗ್ಗಿಗೆ ಟೈರು ಅಂತ ಮಾಡಿದರೆ ಯಾರು ಬೇಡ ಅಂದಾರು?

ಗಾಡಿ ಸ್ಟಾರ್ಟ್ ಆದ ದಿನ ಊರ ಮಕ್ಕಳೆಲ್ಲ ಮುತ್ತುತ್ತಾರೆ. ಒಬ್ಬರನ್ನೂ ಮಡ್‌ಗಾರ್ಡ್ ಮೇಲೆ ಕೂರಿಸಬೇಡಿ. ನಾವೆಲ್ಲ ಹಾಗೇ ಕೂತು ಬೆಳೆದವರು ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ಒಂದು ಗುಂಡಿ ಬಂದು ಜಿಗಿದರೆ ಮಗು ಬೀಳುವುದು ನೇರ ಹಿಂದಿನ ಚಕ್ರದ ಕೆಳಕ್ಕೆ. ಸೀಟು ಒಂದೇ ಇದೆ, ಕೂರುವವರೂ ಒಬ್ಬರೇ. ಹಿಂದೆ ಜೋಡಿಸಿದ ಯಂತ್ರಗಳನ್ನು ತಿರುಗಿಸುವ ಪಿಟಿಓ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಸೆರಗು, ದುಪಟ್ಟಾ, ಪಂಚೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಅದಕ್ಕೆ ಮುಚ್ಚಳ ಹಾಕದೆ ಓಡಿಸಬೇಡಿ. ಏನನ್ನಾದರೂ ಎಳೆಯುವಾಗ ಸರಪಳಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಿ. ಆಕ್ಸಲ್‌ಗಿಂತ ಮೇಲೆ ಕಟ್ಟಿದರೆ ಮುಂಭಾಗ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ.

ಎಲ್ಲ ಸರಿಹೋಗಿ ಒಂದು ಮಳೆಗಾಲ ಓಡಿದ ಮೇಲೆ ಅಟ್ಟದಿಂದ ಪೇಂಟ್ ಇಳಿಸಿ. ಗ್ರೀಸ್ ನಿಪ್ಪಲ್‌ಗಳಿಗೆ ಬಣ್ಣ ಮೆತ್ತಬೇಡಿ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಹೊತ್ತು ಓಡಿಸಿ. ಬಹಳ ದಿನ ನಿಲ್ಲಿಸುವುದಾದರೆ ಬ್ಯಾಟರಿಯ ತಂತಿ ಕಳಚಿಡಿ, ಸೈಲೆನ್ಸರಿನ ಬಾಯಿಗೆ ಒಂದು ಡಬ್ಬಿ ಕವುಚಿ. ಮತ್ತೆ ಸ್ಟಾರ್ಟ್ ಮಾಡುವಾಗ ಅದನ್ನು ತೆಗೆಯಬೇಕು ಅಂತ ಸ್ಟಿಯರಿಂಗಿಗೆ ಒಂದು ಚೀಟಿ ಕಟ್ಟಿಡಿ.