ಹೂಬಿಟ್ಟ ಮರದಡಿ ನಿಲ್ಲಿ

ಲಾಲ್‌ಬಾಗಿಗೆ ಹಕ್ಕಿ ನೋಡಲು ಹೊರಟವರಿಗೊಂದು ಕಿವಿಮಾತು: ಹಕ್ಕಿಯ ಬೆನ್ನು ಹತ್ತಬೇಡಿ, ಹೂಬಿಟ್ಟ ಮರ ಹುಡುಕಿ. ಫೆಬ್ರುವರಿಯ ಹೊತ್ತಿಗೆ ಎಲೆ ಉದುರಿಸಿ ಕೆಂಪೇರುವ ಬೂರುಗ, ಮುತ್ತುಗಗಳಲ್ಲಿ ಮಕರಂದ ಧಾರಾಳ. ಸೂರಕ್ಕಿ, ಮೈನಾಗಳು ತಾವಾಗಿಯೇ ಬರುತ್ತವೆ. ಬೆಳಗ್ಗೆ 7ರೊಳಗೆ ತಲುಪಿ, ಸೂರ್ಯ ಬೆನ್ನಿಗಿರುವಂತೆ ನಿಂತು ಹತ್ತು ನಿಮಿಷ ಅಲುಗಾಡದಿರಿ. ಬಿಸಿಲೇರಿದ ಮೇಲೆ ಕೆರೆಯತ್ತ ನಡೆಯಿರಿ. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಹೊತ್ತದು.

ಮೊಬೈಲಿನಲ್ಲಿ ಕೂಗು ಕೇಳಿಸಿ ಹಕ್ಕಿಯನ್ನು ಕರೆಯಬೇಡಿ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಅದು ಕಂಗೆಡುತ್ತದೆ, ಗೂಡಿನ ಮರಿಗಳಿಗೆ ಗುಟುಕು ತಪ್ಪುತ್ತದೆ. ಹೂವನ್ನೂ ಕೀಳಬೇಡಿ, ಅದು ಹಕ್ಕಿಯ ಊಟ. ಕಂಡ ಹಕ್ಕಿ, ಅದು ಕೂತ ಮರ, ದಿನಾಂಕ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಯಾವ ಮರದಡಿ ಯಾವಾಗ ನಿಲ್ಲಬೇಕೆಂದು ಆ ಪುಸ್ತಕವೇ ಹೇಳಿಕೊಡುತ್ತದೆ.