ಪಿಗ್ಮಿ ಹುಟ್ಟಿದ ಜಿಲ್ಲೆಯಲ್ಲಿ ಸ್ಟಾರ್ಟಪ್‌ಗೆ ದುಡ್ಡು ಎಲ್ಲಿಂದ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯವರಿಗೆ ಬಿಸಿನೆಸ್ ಹೊಸತಲ್ಲ. ಬೆಂಗಳೂರಲ್ಲಿ ಹೋಟೆಲ್ ಇಟ್ಟ ಮಾವನೋ ಚಿಕ್ಕಪ್ಪನೋ ನಮ್ಮಲ್ಲಿ ಎಷ್ಟೋ ಜನರಿಗೆ ಇದ್ದಾರೆ. ಬ್ಯಾಂಕೂ ಹೊಸತಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರು ಮಾಡಿ, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸಿತ್ತು. ಹಾಗಾದ್ರೆ ಇಲ್ಲಿ ಟೆಕ್ ಕಂಪನಿ ಕಟ್ಟೋದು ಯಾಕೆ ಕಷ್ಟ? ದುಡ್ಡು ಇಲ್ಲ ಅಂತಲ್ಲ, ಇರೋ ದುಡ್ಡಿನ ಸ್ವಭಾವ ಬೇರೆ.

ಒಂದು ಲೆಕ್ಕ ಮಾಡೋಣ. ಗಂಗೊಳ್ಳಿಯ ಮೀನುಗಾರಿಕೆ ಬೋಟುಗಳಿಗೆ ಡೀಸೆಲ್ ಲೆಕ್ಕ ಇಡುವ ಆಪ್ ಅನ್ನು ನಮ್ಮಲ್ಲಿ ಇಬ್ಬರು ಮಾಡ್ತಾರೆ ಅಂದುಕೊಳ್ಳಿ. ಬ್ಯಾಂಕಿನಿಂದ 10 ಲಕ್ಷ ಸಾಲ, ಶೇ. 12 ಬಡ್ಡಿ, 3 ವರ್ಷ. ಇಎಂಐ ತಿಂಗಳಿಗೆ ಸುಮಾರು 33,200 ರೂಪಾಯಿ. ಹೋಟೆಲ್ ಆದ್ರೆ ತೆರೆದ ದಿನ ಸಂಜೆಯೇ ಗಲ್ಲಾಪೆಟ್ಟಿಗೆಗೆ ದುಡ್ಡು ಬೀಳುತ್ತೆ. ಆಪ್‌ಗೆ ಒಂದೂವರೆ ವರ್ಷ ಆದಾಯವೇ ಇಲ್ಲದಿರಬಹುದು. ಅಲ್ಲಿ ತನಕ ಸಾಲದ ದುಡ್ಡಲ್ಲೇ ಸಾಲ ತೀರಿಸಬೇಕು! ಅಡವಿಡೋಕೆ ನಮ್ಮತ್ರ ಎಂತ ಇದೆ, ಒಂದು ಲ್ಯಾಪ್‌ಟಾಪ್. ಕೊನೆಗೆ ಅಪ್ಪನ ಜಾಗದ ಪತ್ರವೇ ಬ್ಯಾಂಕಿಗೆ ಹೋಗುತ್ತೆ.

ಇನ್ನೊಂದು ದಾರಿ ಈಕ್ವಿಟಿ, ಅಂದ್ರೆ ಪಾಲು ಕೊಟ್ಟು ದುಡ್ಡು ತರೋದು. ಕಂಪನಿ ಬೆಲೆ 2 ಕೋಟಿ ಅಂತ ಒಪ್ಪಿ ಹೂಡಿಕೆದಾರರು 50 ಲಕ್ಷ ಹಾಕಿದ್ರೆ ಬೆಲೆ ಎರಡೂವರೆ ಕೋಟಿ ಆಗುತ್ತೆ, ಅವರ ಪಾಲು ಶೇ. 20. ಅರ್ಧರ್ಧ ಇದ್ದ ಗೆಳೆಯರಿಗೆ ತಲಾ ಶೇ. 40 ಉಳಿಯುತ್ತೆ. ಕಂತು ಇಲ್ಲ, ಕಂಪನಿ ಮುಳುಗಿದ್ರೆ ಅವರ ದುಡ್ಡೂ ಮುಳುಗುತ್ತೆ. ಆದ್ರೆ ಹಾಕಿದ ಹತ್ತು ಕಂಪನಿಗಳಲ್ಲಿ ಹೆಚ್ಚಿನವು ನಿಲ್ಲೋದಿಲ್ಲ ಅಂತ ಅವರಿಗೆ ಗೊತ್ತು. ಹಾಗಾಗಿ ಹತ್ತಾರು ಪಟ್ಟು ಬೆಳೆಯುವಂಥದ್ದನ್ನೇ ಹುಡುಕ್ತಾರೆ. ಗಂಗೊಳ್ಳಿಗೆ ಮಾತ್ರ ಸಾಕಾಗುವ ಆಪ್ ಅವರಿಗೆ ಬೇಡ.

ಯುರೋಪಿನವರ ಗೋಳೂ ಸುಮಾರು ಇದೇ. ಅಲ್ಲಿನ ಕಂಪನಿಗಳು ಹೆಚ್ಚಾಗಿ ಬ್ಯಾಂಕ್ ಸಾಲವನ್ನೇ ನಂಬಿವೆ. ಮೇಲಿಂದ 27 ದೇಶಗಳ ಬೇರೆ ಬೇರೆ ಕಾನೂನು. ಸ್ವೀಡನ್‌ನ ಸ್ಪಾಟಿಫೈ 2018ರಲ್ಲಿ ಶೇರು ಪೇಟೆಗೆ ಇಳಿದದ್ದು ನ್ಯೂಯಾರ್ಕಿನಲ್ಲಿ. ಅವರಿಗೆ ನ್ಯೂಯಾರ್ಕ್, ನಮಗೆ ಬೆಂಗಳೂರು.

ಊರಲ್ಲೇ ಆಗೋದಿಲ್ವಾ? ಆಗಿದೆ. ರೋಹಿತ್ ಭಟ್ 1996ರಲ್ಲಿ ಉಡುಪಿಯಲ್ಲಿ ಶುರು ಮಾಡಿದ ರೋಬೋಸಾಫ್ಟ್ ಅನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೋ 805 ಕೋಟಿಗೆ ಕೊಂಡಿತು. ಎಲ್ಲರೂ 805 ನೋಡ್ತಾರೆ. ನಮಗೆ ಕಂಡದ್ದು ನಡುವಿನ 25 ವರ್ಷ. ಅದು ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದ ಸಂಸ್ಥೆ. ಕೆಲಸ ಮಾಡು, ಬಿಲ್ ಹಾಕು. ಒಂದು ರೀತಿ ಹೋಟೆಲ್ ಲೆಕ್ಕವೇ.

ಸಾಲವೂ ಬೇಡ, ಪಾಲೂ ಬೇಡ ಅಂದ್ರೆ ಅನುದಾನ. 2021ರಲ್ಲಿ ಬಂದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ ಮಾದರಿ ತಯಾರಿಸಲು 20 ಲಕ್ಷದವರೆಗೆ ಇಟ್ಟಿತು, ಅದೂ ಇನ್‌ಕ್ಯುಬೇಟರ್ ಮೂಲಕ, ಹಂತ ಹಂತವಾಗಿ. ಅದರ ಒಂದು ಷರತ್ತು ನೆನಪಿಡಿ: ಅರ್ಜಿ ಹಾಕುವಾಗ ಕಂಪನಿ ನೋಂದಣಿಯಾಗಿ 2 ವರ್ಷ ದಾಟಿರಬಾರದು. ಸೆಕೆಂಡ್ ಇಯರ್‌ನಲ್ಲಿ ಲಿಂಕ್ಡ್‌ಇನ್‌ನಲ್ಲಿ ಫೌಂಡರ್ ಅಂತ ಹಾಕೋ ಆಸೆಗೆ ಕಂಪನಿ ನೋಂದಾಯಿಸಿ ಸುಮ್ಮನೆ ಕೂತ್ರೆ, ಡಿಗ್ರಿ ಮುಗಿಯೋ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತೆ.