ದೂರಮಾಪನ ಯಂತ್ರಗಳು

ಮೊಳಕ್ಕೆ ಮೊಣಕೈ, ಮಾರಿಗೆ ಚಾಚಿದ ತೋಳು, ಕೂಗಳತೆಗೆ ಕಂಠ: ನಮ್ಮ ಹಿರಿಯರು ದೂರವನ್ನು ತಮ್ಮ ದೇಹದಿಂದಲೇ ಅಳೆದರು. ಆದರೆ ಹೊಳೆಯಾಚೆಯ ಮರವನ್ನೋ ಗಿರಿಶಿಖರವನ್ನೋ ಚಂದ್ರಬಿಂಬವನ್ನೋ ಮುಟ್ಟದೆಯೆ ಅಳೆಯುವ ಬಗೆ ಹೇಗೆ? ಇದಕ್ಕೆ ಎರಡು ಮಾರ್ಗಗಳುಂಟು.

ಮೊದಲನೆಯದು ತ್ರಿಕೋಣದ ಮಾರ್ಗ. ಹೆಬ್ಬೆರಳನ್ನು ಮುಂದೆ ಚಾಚಿ, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿರಿ; ಬೆರಳು ಸ್ಥಾನಪಲ್ಲಟಗೊಂಡಂತೆ ತೋರುತ್ತದೆ. ವಸ್ತು ದೂರವಾದಷ್ಟೂ ಈ ಪಲ್ಲಟ ಕಿರಿದಾಗುತ್ತದೆ. ಎರಡು ತುದಿಗಳಲ್ಲಿ ಗಾಜುಗಳಿರುವ ದೂರಮಾಪಕ ನಳಿಗೆಯ ಮರ್ಮವೂ ಇದೇ. ಎರಡು ಬಿಂಬಗಳನ್ನು ಒಂದಾಗಿಸಲು ಗಾಜನ್ನು ಎಷ್ಟು ತಿರುಗಿಸಬೇಕೋ ಅದೇ ದೂರವನ್ನು ಹೇಳುತ್ತದೆ. ಆದರೆ ನಳಿಗೆ ಗಿಡ್ಡ. ದೂರ ಇಮ್ಮಡಿಯಾದರೆ ಅಳತೆಯ ದೋಷ ಸುಮಾರು ನಾಲ್ಮಡಿಯಾಗುತ್ತದೆ. ಆದುದರಿಂದ ದೂರಕ್ಕೆ ತಕ್ಕಂತೆ ಆಧಾರರೇಖೆಯೂ ನೀಳವಾಗಿರಬೇಕು.

ಇದನ್ನರಿತ ವಿಲಿಯಂ ಲ್ಯಾಂಬ್ಟನ್, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಸುಮಾರು ಏಳೂವರೆ ಮೈಲಿಯ ರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆಸಿದನು. ಅಲ್ಲಿಂದ ಮುಂದೆ ಸರಪಳಿಗೆ ಕೆಲಸ ಅಲ್ಪ. ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್ ಕೋನಗಳನ್ನು ಅಳೆಯುತ್ತ, ತ್ರಿಕೋಣಕ್ಕೆ ತ್ರಿಕೋಣವನ್ನು ಹೆಣೆಯುತ್ತ ನಡೆಯಿತು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ನೆಲದ ಮೇಲೆ ಅಳೆದು ಪರೀಕ್ಷಿಸಿದಾಗ, ಗಣಿತದಿಂದ ಬಂದ ಉದ್ದಕ್ಕೂ ಅದಕ್ಕೂ ಇದ್ದ ಅಂತರ ನಾಲ್ಕು ಅಂಗುಲಕ್ಕೂ ಕಡಿಮೆ! 1808ರಲ್ಲಿ ತಂಜಾವೂರಿನ ದೇಗುಲದ ಗೋಪುರಕ್ಕೆ ಏರಿಸುವಾಗ ಆ ಯಂತ್ರವು ಅಪ್ಪಳಿಸಿ ಅದರ ವೃತ್ತವು ವಿರೂಪಗೊಂಡಿತು. ಲ್ಯಾಂಬ್ಟನ್ ಎದೆಗುಂದಲಿಲ್ಲ. ಅದನ್ನು ಬಿಡಿಬಿಡಿಯಾಗಿ ಬಿಚ್ಚಿ, ವಾರಗಟ್ಟಲೆ ಶ್ರಮಿಸಿ, ವೃತ್ತವನ್ನು ಮತ್ತೆ ವೃತ್ತವಾಗಿಸಿದನು.

ಎರಡನೆಯದು ಮಾರ್ದನಿಯ ಮಾರ್ಗ, ಕೂಗಳತೆಯ ಸೋದರನೆನ್ನಬಹುದು. ರಡಾರ್ ರೇಡಿಯೋ ಅಲೆಯನ್ನೂ ಲೇಸರ್ ಮಾಪಕವು ಬೆಳಕನ್ನೂ ಕಳುಹಿ, ಅದು ಮರಳುವ ಕಾಲವನ್ನು ಎಣಿಸುತ್ತವೆ. ಅರ್ಧಕಾಲವನ್ನು ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲಿರಿಸಿದ ಪ್ರತಿಫಲಕಕ್ಕೆ ಹೋಗಿ ಬರಲು ಬೆಳಕಿಗೆ ಸುಮಾರು ಎರಡೂವರೆ ಸೆಕೆಂಡು ಸಾಕು. 2023ರಲ್ಲಿ ಚಂದ್ರನ ಮೇಲಿಳಿದ ನಮ್ಮ ವಿಕ್ರಮ್ ಕೂಡ ಅಂತಹ ಪುಟ್ಟ ಪ್ರತಿಫಲಕವೊಂದನ್ನು ಹೊತ್ತಿದೆ. ಇಲ್ಲಿ ಗಡಿಯಾರವೇ ಸರಪಳಿ. ಅದು ಒಂದು ಸೆಕೆಂಡಿನ ಶತಕೋಟಿಯಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ ಸುಮಾರು 15 ಸೆಂಟಿಮೀಟರು ವ್ಯತ್ಯಾಸವಾಗುತ್ತದೆ.

ಮಾರ್ಗ ಯಾವುದೇ ಆಗಲಿ, ಮೊದಲ ಅಳತೆ ಸೊಟ್ಟಾದರೆ ಮುಂದಿನ ಗಣಿತವೆಲ್ಲ ಸೊಟ್ಟು. ಮೊದಲ ತರಗತಿಗಳ ಪಾಠವನ್ನು ಹಗುರವಾಗಿ ಎಣಿಸುವ ನಮ್ಮಂಥ ಉಪಾಧ್ಯಾಯರು ಮರೆಯಬಾರದ ಮಾತಿದು.